ಬಿಸಿಲಿಗಿಟ್ಟ ಮದ್ದು ಜೋರಾಗಿ ಹೊಡೆಯುತ್ತದೆಯೇ?

ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಮಂಠಾಳದ ಯಾವುದೇ ಮಾಳಿಗೆ ಹತ್ತಿ ನೋಡಿ. ಒಂದು ಮೂಲೆಯಲ್ಲಿ ಆಗಷ್ಟೇ ರಾಶಿ ಮಾಡಿದ ಸೋಯಾ ಒಣಗುತ್ತಿರುತ್ತದೆ. ಅದರ ಪಕ್ಕದಲ್ಲೇ ಮೊರದ ತುಂಬ ಪಟಾಕಿ. ಚಿಕ್ಕವಳಿದ್ದಾಗ ಅದನ್ನು ಕಾಯುವ ಕೆಲಸ ನನ್ನದು. 'ಬಿಸಲಾಗ ಇಟ್ಟಿದ್ ಮದ್ದು ಜೋರ್ ಹೊಡಿತದ, ತಣ್ಣಗಿದ್ರ ಫುಸ್ ಅಂತದ' ಎಂದು ನಮ್ಮ ಕಾಕಾ ಹೇಳುತ್ತಿದ್ದರು. ಬಿಸಿಲಿಗಿಟ್ಟ ಪಟಾಕಿ ನಿಜಕ್ಕೂ ಚೆನ್ನಾಗಿ ಹೊಡೆಯುತ್ತಿದ್ದುದರಿಂದ ಆ ಮಾತನ್ನು ಪ್ರಶ್ನಿಸುವ ಕಾರಣವೇ ಇರಲಿಲ್ಲ.

2024ರ ಏಪ್ರಿಲ್‌ನಲ್ಲಿ ಅದೇ ಮಾತು ಬೇರೆ ರೂಪದಲ್ಲಿ ಮತ್ತೆ ಬಂತು. ಬೀದರ್ ಕ್ಷೇತ್ರಕ್ಕೆ ಮೇ 7ರಂದು ಮತದಾನ. ಚುನಾವಣೆ ಬಂತೆಂದರೆ ಪರವಾನಗಿ ಇರುವ ಬಂದೂಕುಗಳನ್ನು ಠಾಣೆಯಲ್ಲಿ ಇಟ್ಟು ರಸೀದಿ ತೆಗೆದುಕೊಳ್ಳಬೇಕು. ಕಾಕಾನ ಬಳಿ ಬೆಳೆ ಕಾಯಲು ತೆಗೆದುಕೊಂಡ ಹಳೆಯ ಹನ್ನೆರಡು ಬೋರಿನ ಬಂದೂಕಿದೆ. ತೊಗರಿ ಹೊಲಕ್ಕೆ ಹಂದಿ ನುಗ್ಗಿದಾಗ ಸದ್ದು ಮಾಡಲು ಹಾರಿಸಿದ್ದು ಬಿಟ್ಟರೆ ಅದು ಹೊರಗೆ ಬಂದದ್ದೇ ಕಡಿಮೆ. ಅದನ್ನು ಒರೆಸುತ್ತ ಕಾಕಾ ಕೇಳಿದರು: 'ಬ್ಯಾಸಿಗ್ಯಾಗ ಗುಂಡು ಜೋರ್ ಹೋಗ್ತದ, ಚಳಿಗಾಲದಾಗ ಮೆತ್ತಗ ಹೋಗ್ತದ ಅಂತಾರ. ಖರೇನೇನವಾ? ನೀ ಓದಿದಾಕಿ, ಹೇಳ್.'

ನಾನು ಓದಿದ್ದು ಸಂವಹನ, ಮದ್ದುಗುಂಡಲ್ಲ. ಆದರೂ ಪ್ರಶ್ನೆ ಬಿಡಲಿಲ್ಲ. ಹುಡುಕುತ್ತ ಹೋದಂತೆ ತಿಳಿದದ್ದೇನೆಂದರೆ, ಕಾಕಾ ಹೇಳಿದ್ದು ಅರ್ಧ ನಿಜ. ಪಟಾಕಿಯ ವಿಷಯದಲ್ಲಿ ಅವರು ಕೊಡುತ್ತಿದ್ದ ಕಾರಣ ತಪ್ಪು. ರೈಫಲ್ ವಿಷಯದಲ್ಲಿ ಮಾತು ಸರಿ, ಆದರೆ ಅದರಿಂದ ಚಿಂತಿಸಬೇಕಾದ ಸಂಗತಿ ವೇಗವಲ್ಲ.

ಎರಡು ಬಗೆಯ ಮದ್ದು

ಮದ್ದು ಎಂಬ ಪದದಲ್ಲೇ ಗೊಂದಲವಿದೆ. ಕಾಯಿಲೆಗೂ ಮದ್ದು, ಕೋವಿಗೂ ಮದ್ದು. ಕೋವಿಯ ಮದ್ದಿನಲ್ಲೂ ಎರಡು ಬೇರೆ ಬೇರೆ ವಸ್ತುಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ.

ಮೊದಲನೆಯದು ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಪುಡಿ. ಬಸವಕಲ್ಯಾಣದ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಇರುವ ತೋಪುಗಳು ಬೆಂಕಿ ಉಗುಳಿದ್ದು ಇದರಿಂದ. ಮಲೆನಾಡು, ಕೊಡಗಿನ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ತುಂಬುವುದೂ ಇದನ್ನೇ. 1657ರಲ್ಲಿ ಔರಂಗಜೇಬ ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೆ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಸಿಡಿಯಿತು. ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ, ಕೋಟೆ ಬಿತ್ತು. ಅದೇ ವರ್ಷ ಸೈನ್ಯ ಕಲ್ಯಾಣಕ್ಕೆ ಬಂತು. ಬೇಸಿಗೆಯಲ್ಲಿ ಶುರುವಾದ ಆ ಮುತ್ತಿಗೆ ಮಳೆಗಾಲದವರೆಗೂ ಎಳೆಯಿತು. ಅಂದಿನ ತೋಪಿನವರ ತಲೆನೋವು ಬಿಸಿಲಿಗಿಂತ ಮಳೆಯೇ ಆಗಿತ್ತು ಎಂದು ಧೈರ್ಯವಾಗಿ ಊಹಿಸಬಹುದು, ಏಕೆಂದರೆ ಕರಿಮದ್ದಿನ ನಿಜವಾದ ಶತ್ರು ತೇವ.

ಇದ್ದಿಲು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಪೆಟ್ಲುಪ್ಪು ಶುದ್ಧವಾಗಿಲ್ಲದಿದ್ದರೆ ಅದರಲ್ಲಿನ ಬೇರೆ ಉಪ್ಪುಗಳೂ ಹೀರುತ್ತವೆ. ಹೀಗೆ ತೇವಗೊಂಡ ಮದ್ದು ಉರಿಯುವಾಗ ಶಾಖದ ಒಂದು ಪಾಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಕಾಳಿನಿಂದ ಇನ್ನೊಂದಕ್ಕೆ ಬೆಂಕಿ ಹಬ್ಬುವುದೇ ನಿಧಾನವಾಗುತ್ತದೆ. ಅಕ್ಟೋಬರಿನವರೆಗೂ ಮಳೆ ಹಿಡಿದ ವರ್ಷಗಳಲ್ಲಿ ಪಟಾಕಿ ಫುಸ್ ಎನ್ನುವುದು ಇದಕ್ಕೇ. ಮಾಳಿಗೆಯ ಬಿಸಿಲು ಮಾಡುತ್ತಿದ್ದ ಕೆಲಸ ಒಣಗಿಸುವುದು. ಪಟಾಕಿಗೆ ಅದು ಹೊಸ ಶಕ್ತಿ ತುಂಬುತ್ತಿರಲಿಲ್ಲ, ತೇವ ಕಸಿದುಕೊಂಡಿದ್ದನ್ನು ವಾಪಸು ಕೊಡುತ್ತಿತ್ತು, ಅಷ್ಟೆ. ಒಣ ಕರಿಮದ್ದು 15 ಡಿಗ್ರಿಯಲ್ಲಿದ್ದರೂ 40 ಡಿಗ್ರಿಯಲ್ಲಿದ್ದರೂ ಹೊಡೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

(ಹಾಗೆಂದು ಪಟಾಕಿಯನ್ನು ಬಿಸಿಲಿಗಿಡಿ ಎನ್ನುತ್ತಿಲ್ಲ. ಬಿಸಿಲಿನ ಶಾಖ ಒಂದರಿಂದಲೇ ಅದು ಹೊತ್ತಿಕೊಳ್ಳುವುದು ಅಪರೂಪ. ಆದರೆ ಬಯಲಲ್ಲಿ ಹರವಿದ ಮದ್ದಿಗೆ ಪಕ್ಕದ ಮಾಳಿಗೆಯಿಂದ ಹಾರಿಬಂದ ಒಂದು ಕಿಡಿ, ಯಾರೋ ಎಸೆದ ಒಂದು ಬೀಡಿ ಸಾಕು. ಆ ಮೊರದ ಪಕ್ಕ ಕಾಯಲು ನನ್ನನ್ನೇ ಕೂರಿಸಿದ್ದರು ಎಂಬುದು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.)

ಎರಡನೆಯದು ಹೊಗೆರಹಿತ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ನೈಟ್ರೋಸೆಲ್ಯುಲೋಸಿನಿಂದ ಇದನ್ನು ಮಾಡಿದ. ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಸಿಗುವ ವಸ್ತು ಅದು. ಮೂರೇ ವರ್ಷದಲ್ಲಿ ಆಲ್‌ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೋಗ್ಲಿಸರಿನ್ ಬೆರೆಸಿದ. 1889ರಲ್ಲಿ ಬ್ರಿಟಿಷರ ಕಾರ್ಡೈಟ್ ಬಂತು. ಇಂದಿನ ಎಲ್ಲ ರೈಫಲ್ ತೋಟಾಗಳಲ್ಲೂ, ಕಾಕಾನ ಹನ್ನೆರಡು ಬೋರಿನ ಕಾಡತೂಸಿನಲ್ಲೂ ಇರುವುದು ಈ ವಂಶದ ಮದ್ದು. ತಾಪಮಾನಕ್ಕೆ ಸ್ಪಂದಿಸುವುದು ಇದು.

ಬಿಸಿಗೆ ಯಾಕೆ ಬೇಗ ಉರಿಯುತ್ತದೆ?

ಫ್ರಿಜ್ಜಿನಿಂದ ತೆಗೆದ ಹಾಲು ಉಕ್ಕಲು ತಡವಾಗುತ್ತದೆ, ಹೊರಗಿಟ್ಟ ಹಾಲು ಬೇಗ ಉಕ್ಕುತ್ತದೆ. ಒಲೆ ಅದೇ, ಹಾಲೂ ಅದೇ. ಹೊಗೆರಹಿತ ಮದ್ದಿನ ಪ್ರತಿ ಕಾಳು ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಉರಿಯುತ್ತದೆ. ಉರಿಯುತ್ತಿರುವ ಪದರ ಕೆಳಗಿನ ಪದರವನ್ನು ಹೊತ್ತಿಕೊಳ್ಳುವ ಬಿಸಿಗೆ ತರಬೇಕು. ಆ ಪದರ ಮೊದಲೇ 40 ಡಿಗ್ರಿಯಲ್ಲಿದ್ದರೆ ಕೆಲಸ ಸ್ವಲ್ಪ ಬೇಗ ಮುಗಿಯುತ್ತದೆ.

ಇಷ್ಟೇ ಆಗಿದ್ದರೆ ವ್ಯತ್ಯಾಸ ನಗಣ್ಯವಾಗಿರುತ್ತಿತ್ತು. ಉರಿಯುವ ಮದ್ದಿನ ಬಿಸಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಅದರ ಮುಂದೆ ಮೂವತ್ತು ಡಿಗ್ರಿ ಯಾವ ಲೆಕ್ಕ? ಇಲ್ಲಿ ಇನ್ನೊಂದು ಗುಣ ಕೈಹಾಕುತ್ತದೆ. ಈ ಮದ್ದು ಒತ್ತಡ ಹೆಚ್ಚಿದಂತೆ ಇನ್ನೂ ಬೇಗ ಉರಿಯುತ್ತದೆ. ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುವ ಕುಲುಮೆಯ ಹಾಗೆ. ಸ್ವಲ್ಪ ಬೇಗ ಉರಿದರೆ ಅನಿಲ ಬೇಗ ತುಂಬುತ್ತದೆ, ಒತ್ತಡ ಏರುತ್ತದೆ, ಅದರಿಂದ ಉರಿ ಮತ್ತೂ ಬೇಗವಾಗುತ್ತದೆ. ಗುಂಡು ನಳಿಗೆಯಲ್ಲಿ ಮುಂದೆ ಸರಿದು ಜಾಗ ಬಿಡುವ ಮೊದಲೇ ಇದೆಲ್ಲ ನಡೆಯುತ್ತದೆ. ಮದ್ದಿನಲ್ಲಿರುವ ಒಟ್ಟು ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಅದು ಹೊರಬರುವ ಸಮಯ.

ಹಾಗಾಗಿ ಲೆಕ್ಕಕ್ಕೆ ಬರುವುದು ಮದ್ದಿನ ಬಿಸಿ, ಹೊರಗಿನ ಹವೆಯ ಬಿಸಿ ಅಲ್ಲ. ಮೇ ತಿಂಗಳಲ್ಲೂ ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಕೋಣೆಯಿಂದ ತಂದ ತೋಟಾ ತಣ್ಣಗಿರುತ್ತದೆ. ಚಳಿಗಾಲದ ಬೆಳಗ್ಗೆ ಕೂಡ, ಹತ್ತಾರು ಗುಂಡು ಹಾರಿಸಿ ಕಾದ ನಳಿಗೆಯಲ್ಲಿ ಎರಡು ನಿಮಿಷ ಕೂತ ತೋಟಾ ಬಿಸಿಯಾಗಿರುತ್ತದೆ.

ಎಷ್ಟು ವ್ಯತ್ಯಾಸ?

ಗುಂಡಿನ ವೇಗವನ್ನು ಮೊದಲು ನೆಚ್ಚಬಹುದಾದಂತೆ ಅಳೆದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ದೂರ ತೂಗಿತು ಎಂಬುದರಿಂದ ವೇಗ ಲೆಕ್ಕಹಾಕುವ ಉಪಾಯವನ್ನು 1742ರ ತನ್ನ ಪುಸ್ತಕದಲ್ಲಿ ಬರೆದ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ದಕ್ಷಿಣಕ್ಕೇ ಬಂದು, 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ತೀರಿಕೊಂಡ. ಈಗ ದಿಮ್ಮಿಯ ಬದಲು ಕ್ರೋನೋಗ್ರಾಫ್ ಇದೆ. ಎರಡು ಬೆಳಕಿನ ಸಂವೇದಕಗಳನ್ನು ಗುಂಡು ದಾಟುವ ಸಮಯದಿಂದ ಅದು ವೇಗ ಹೇಳುತ್ತದೆ.

ಅಮೆರಿಕ, ಯುರೋಪಿನಲ್ಲಿ ಗುರಿ ಹೊಡೆಯುವ ಹವ್ಯಾಸದವರು ಹಾರಿಸಿದ ಹಿತ್ತಾಳೆ ಕೋಶವನ್ನು ಎತ್ತಿಟ್ಟುಕೊಂಡು, ಅದಕ್ಕೆ ಹೊಸ ಕೇಪು, ತೂಗಿದ ಮದ್ದು, ಗುಂಡು ಸೇರಿಸಿ ತೋಟಾವನ್ನು ಮನೆಯಲ್ಲೇ ಕೈಯಾರೆ ತುಂಬುತ್ತಾರೆ. ತಾಪಮಾನದ ಮೇಲೆ ತಲೆಕೆಡಿಸಿಕೊಳ್ಳುವವರು ಮುಖ್ಯವಾಗಿ ಅವರೇ. (ನಮ್ಮಲ್ಲಿ ಅದು ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಬಂದೂಕಿನ ಲೈಸೆನ್ಸ್ ಇದ್ದರೆ ಅದೂ ಬಂದಂತೆ ಎಂದುಕೊಳ್ಳುವವರು ಇದ್ದಾರೆ, ಹಾಗಲ್ಲ.) ಅವರ ಅಳತೆಗಳಿಂದ ಸಿಗುವ ಸ್ಥೂಲ ಲೆಕ್ಕ ಹೀಗೆ: ಸಾಮಾನ್ಯ ರೈಫಲ್ ಮದ್ದಿನಲ್ಲಿ ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ವೇಗ ಸೆಕೆಂಡಿಗೆ ಸುಮಾರು 0.3ರಿಂದ 1 ಮೀಟರ್ ಬದಲಾಗುತ್ತದೆ. ಮದ್ದಿನಿಂದ ಮದ್ದಿಗೆ ಇದು ಬೇರೆ.

ಇದನ್ನು ನಮ್ಮ ಹವೆಗೆ ಹಚ್ಚಿ ನೋಡೋಣ. ಬೀದರ್ ಜಿಲ್ಲೆಯ ಜನವರಿ ನಸುಕು 12 ಡಿಗ್ರಿ, ಮೇ ಮಧ್ಯಾಹ್ನ 42 ಡಿಗ್ರಿ ಎಂದಿಟ್ಟುಕೊಳ್ಳಿ. ಮೂವತ್ತು ಡಿಗ್ರಿ ಅಂತರ. ಡಿಗ್ರಿಗೆ ಅರ್ಧ ಮೀಟರಿನಷ್ಟು ಹಿಡಿದರೆ ಸೆಕೆಂಡಿಗೆ 800 ಮೀಟರ್ ಹೋಗುವ ಗುಂಡು 815 ಮೀಟರ್ ಹೋಗುತ್ತದೆ. ಅಂದರೆ ಶೇಕಡಾ 2ರಷ್ಟು ಹೆಚ್ಚು. 'ಬ್ಯಾಸಿಗ್ಯಾಗ ಜೋರ್' ಎಂಬುದು ನಿಜ.

ಗುರಿಯಲ್ಲಿ ಇದು ಹೇಗೆ ಕಾಣುತ್ತದೆ? 100 ಮೀಟರ್ ದೂರದಲ್ಲಿ ಗುಂಡು ಸುಮಾರು 3 ಮಿಲಿಮೀಟರ್ ಮೇಲೆ ಬೀಳುತ್ತದೆ. ಒಂದು ತೊಗರಿ ಬೇಳೆಯಷ್ಟು. 300 ಮೀಟರಿನಲ್ಲಿ ಮೂರು-ನಾಲ್ಕು ಸೆಂಟಿಮೀಟರ್. 600 ಮೀಟರಿಗೆ ಹೋದರೆ ಮಾತ್ರ ಒಂದು ಗೇಣಿನಷ್ಟಾಗುತ್ತದೆ.

ಅಷ್ಟು ದೂರದಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಬಿಸಿ ಗಾಳಿ ತೆಳು. 12 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿಯ ಸಾಂದ್ರತೆ ಶೇಕಡಾ 9-10ರಷ್ಟು ಕಡಿಮೆ, ಹಾಗಾಗಿ ಗುಂಡನ್ನು ತಡೆಯುವ ಬಲವೂ ಕಡಿಮೆ. 100 ಮೀಟರಿನಲ್ಲಿ ಇದರ ಪರಿಣಾಮ ಕಾಣುವುದೇ ಇಲ್ಲ, 600 ಮೀಟರಿನಲ್ಲಿ ಅದೂ ಇನ್ನೊಂದು ಗೇಣು. 'ಬಿಸಿಗೆ ಗಾಳಿ ತೆಳುವಾಗುತ್ತದೆ, ಅದಕ್ಕೇ ಗುಂಡು ಜೋರಾಗಿ ಹೊರಡುತ್ತದೆ' ಎಂದು ಎರಡನ್ನೂ ಕಲಸಿ ಹೇಳುವುದನ್ನು ಕೇಳಿರಬಹುದು. ನಳಿಗೆಯಿಂದ ಹೊರಡುವ ವೇಗಕ್ಕೂ ಗಾಳಿಗೂ ಸಂಬಂಧವಿಲ್ಲ. ಗಾಳಿಯ ಪಾತ್ರ ಶುರುವಾಗುವುದು ಗುಂಡು ಹೊರಬಿದ್ದ ಮೇಲೆ.

ದೂರ ಕಿಲೋಮೀಟರುಗಳಲ್ಲಿ ಇರುವ ಫಿರಂಗಿ ಪಡೆಗೆ ಮಾತ್ರ ಇವೆರಡೂ ದಿನನಿತ್ಯದ ಲೆಕ್ಕ. ಅವರು ಹಾರಿಸುವ ಮೊದಲು ಮದ್ದಿನ ತಾಪಮಾನ ನೋಡಿ, ಕೋಷ್ಟಕದಲ್ಲಿ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ತಿದ್ದಿಕೊಳ್ಳುತ್ತಾರೆ. ಒಂದೇ ದೇಶದಲ್ಲಿ ರಾಜಸ್ಥಾನದ ಮರಳುಗಾಡೂ ಸಿಯಾಚಿನ್ ಹಿಮವೂ ಇರುವ ಸೈನ್ಯಕ್ಕೆ ಇದು ಸಣ್ಣ ಮಾತಲ್ಲ. ಇನ್ನು ಕಾಕಾನ ಹನ್ನೆರಡು ಬೋರು ಚರೆ ಹಾರಿಸುವ ಬಂದೂಕು. ಮೂವತ್ತು-ನಲವತ್ತು ಮೀಟರ್ ದಾಟಿದರೆ ಚರೆ ಹೇಗೂ ಚದುರಿಹೋಗುತ್ತದೆ. ಅಲ್ಲಿ ಜನವರಿ, ಮೇ ಎರಡೂ ಒಂದೇ.

ವೇಗ ಬಿಡಿ, ಒತ್ತಡ ನೋಡಿ

ಇಷ್ಟಕ್ಕೇ ನಿಲ್ಲಿಸಿದರೆ 'ಶೇಕಡಾ 2 ತಾನೆ' ಎಂದು ಸುಮ್ಮನಾಗಬಹುದು. ಆದರೆ ವೇಗ ಶೇಕಡಾ 2 ಏರುವಾಗ ನಳಿಗೆಯೊಳಗಿನ ಗರಿಷ್ಠ ಒತ್ತಡ ಅದರ ಕೆಲವು ಪಟ್ಟು ಏರಿರುತ್ತದೆ. ಆ ಸ್ವಯಂ ತಿದಿಯ ಕುಲುಮೆಯ ಲೆಕ್ಕ ಇದೇ. ಕಾರ್ಖಾನೆಯ ತೋಟಾದಲ್ಲಿ ಇದಕ್ಕೆ ಅವಕಾಶ ಬಿಟ್ಟಿರುತ್ತಾರೆ. ನ್ಯಾಟೊ ಪರೀಕ್ಷೆಯಲ್ಲಿ ತೋಟಾವನ್ನು 21 ಡಿಗ್ರಿಯಲ್ಲಷ್ಟೇ ಅಲ್ಲ, 52 ಡಿಗ್ರಿಗೆ ಕಾಯಿಸಿ, ಸೊನ್ನೆಗಿಂತ 54 ಡಿಗ್ರಿ ಕೆಳಕ್ಕೆ ತಣಿಸಿಯೂ ಹಾರಿಸಿ ಒತ್ತಡ ಅಳೆಯುತ್ತಾರೆ. ಕೈಯಾರೆ ತುಂಬುವವನಿಗೆ ಅಂಥ ಸೌಲಭ್ಯ ಇಲ್ಲ. ಅವನು ಡಿಸೆಂಬರಿನ ಚಳಿಯಲ್ಲಿ ಮದ್ದನ್ನು ಅಂಚಿನವರೆಗೂ ಏರಿಸಿ, 'ಇಲ್ಲಿಯವರೆಗೆ ಸುರಕ್ಷಿತ' ಎಂದು ಬರೆದಿಟ್ಟುಕೊಳ್ಳುತ್ತಾನೆ. ಅದೇ ತೋಟಾ ಬೇಸಿಗೆಯಲ್ಲಿ ಅಂಚು ದಾಟುತ್ತದೆ. ಮೊದಲು ಕೋಶ ಉಬ್ಬಿ ಬೋಲ್ಟ್ ಬಿಗಿಯಾಗುತ್ತದೆ. ಅದನ್ನು ಗಮನಿಸದಿದ್ದರೆ ಮುಂದಿನದ್ದು ಕೈ, ಕಣ್ಣಿನ ಪ್ರಶ್ನೆ.

ಬಂದೂಕಿನ ಚರಿತ್ರೆಯಲ್ಲಿ ಈ ಪಾಠ ಬಂದದ್ದೇ ನಮ್ಮಂಥ ಬಿಸಿಲು ನಾಡುಗಳಿಂದ. ಕೆನೆತ್ ಆಂಡರ್ಸನ್ನನ ಶಿಕಾರಿಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಆ ಕಾಲ ಗೊತ್ತು. ಆಂಡರ್ಸನ್ ಬಳಸುತ್ತಿದ್ದದ್ದು ಅಮೆರಿಕದ .405 ವಿಂಚೆಸ್ಟರ್. ಆದರೆ ಅಂದಿನ ಬಹುಪಾಲು ಬ್ರಿಟಿಷ್ ಶಿಕಾರಿ ರೈಫಲ್‌ಗಳ ತೋಟಾದಲ್ಲಿ ಇರುತ್ತಿದ್ದದ್ದು ಕಾರ್ಡೈಟ್. ಮೊದಲ ಕಾರ್ಡೈಟಿನಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 58ರಷ್ಟು, ನೈಟ್ರೋಗ್ಲಿಸರಿನ್. ತಾಪಮಾನಕ್ಕೆ ಅದು ಬಲು ಸೂಕ್ಷ್ಮ. ಇಂಗ್ಲೆಂಡಿನ ತಂಪಿನಲ್ಲಿ ಸರಿಯಾಗಿ ಕೆಲಸ ಮಾಡಿದ ತೋಟಾ ಭಾರತ, ಆಫ್ರಿಕಾದ ಬಿಸಿಲಲ್ಲಿ ಒತ್ತಡ ಹೆಚ್ಚಿ ಕೋಶ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಎದುರಿಗೆ ಗಾಯಗೊಂಡ ಕಾಟಿ, ಕೈಯಲ್ಲಿ ತೆರೆಯದ ಬಂದೂಕು! ಹಾಗಾಗಿ ಬ್ರಿಟಿಷ್ ಕಂಪನಿಗಳು ಬಿಸಿಲು ನಾಡಿಗೆಂದೇ ಮದ್ದು ಸ್ವಲ್ಪ ಕಡಿಮೆ ತುಂಬಿದ 'ಟ್ರಾಪಿಕಲ್' ತೋಟಾ ಮಾರತೊಡಗಿದವು. ಸಣ್ಣ ಕೋಶದಲ್ಲಿ ಮದ್ದು ತುರುಕುವ ಬದಲು ದೊಡ್ಡ ಕೋಶ ಮಾಡಿ ಒತ್ತಡ ಇಳಿಸುವುದು ಇನ್ನೊಂದು ದಾರಿ. 1911ರ .416 ರಿಗ್ಬಿ ಅದಕ್ಕೆ ಒಳ್ಳೆಯ ಉದಾಹರಣೆ. ಕಾರ್ಡೈಟನ್ನು ಭಾರತದಲ್ಲೇ ಮಾಡಲು 1904ರಲ್ಲಿ ಕಾರ್ಖಾನೆ ಎದ್ದದ್ದು ನೀಲಗಿರಿಯ ತಂಪಿನಲ್ಲಿ, ಕೂನೂರಿನ ಹತ್ತಿರದ ಅರುವಂಕಾಡಿನಲ್ಲಿ. ಅದು ಇಂದಿಗೂ ಇದೆ.

ಈಗ ತಾಪಮಾನಕ್ಕೆ ಅಷ್ಟಾಗಿ ಕದಲದ ಮದ್ದುಗಳೂ ಬಂದಿವೆ. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಕೆಲವು ಇದಕ್ಕೇ ಹೆಸರುವಾಸಿ. ಕದಲುವುದಿಲ್ಲ ಎಂದರೆ ಪೂರ್ತಿ ಇಲ್ಲ ಎಂದಲ್ಲ, ಕಡಿಮೆ ಎಂದಷ್ಟೇ.

ಕಾರಿನಲ್ಲಿಟ್ಟರೆ ಸಿಡಿಯುತ್ತದೆಯೇ?

ಕಾಕಾನ ಮುಂದಿನ ಪ್ರಶ್ನೆ ಇದು. ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಹೋಗಿ, ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿ ಕಾರು ನಿಲ್ಲಿಸಿದರೆ ಒಳಗೆ 60-70 ಡಿಗ್ರಿ ಮುಟ್ಟಬಹುದು. ಹೊಗೆರಹಿತ ಮದ್ದು ತಾನಾಗಿ ಹೊತ್ತಿಕೊಳ್ಳಲು 160-170 ಡಿಗ್ರಿಯಾದರೂ ಬೇಕು. ಆದ್ದರಿಂದ ಸಿಡಿಯುವುದಿಲ್ಲ. ಅಷ್ಟು ಬಿಸಿ ಸಿಗುವುದು ಎಡೆಬಿಡದೆ ಹಾರಿಸಿದ ಮಷಿನ್‌ಗನ್ನಿನ ನಳಿಗೆಯಲ್ಲಿ. ಅಲ್ಲಿ ಯಾರೂ ಟ್ರಿಗರ್ ಒತ್ತದೆಯೇ ಗುಂಡು ಹಾರುವುದುಂಟು. ಬೆಂಕಿಗೆ ಬಿದ್ದ ತೋಟಾ ಸಿನಿಮಾದಲ್ಲಿ ತೋರಿಸುವಂತೆ ಗುಂಡನ್ನು ಬಂದೂಕಿನ ವೇಗದಲ್ಲಿ ಎಸೆಯುವುದಿಲ್ಲ. ಒತ್ತಡ ಕಟ್ಟಲು ಸುತ್ತ ನಳಿಗೆ ಇಲ್ಲವಲ್ಲ. ಕೋಶವೇ ಹರಿಯುತ್ತದೆ. ಆದರೆ ಹಾಗೆ ಹಾರುವ ಹಿತ್ತಾಳೆ ಚೂರಿಗೆ ಕಣ್ಣು ತೆಗೆಯುವ ಶಕ್ತಿ ಇರುತ್ತದೆ.

ಸಿಡಿಯದಿದ್ದರೂ ಬಿಸಿ ಮಾಡುವ ಇನ್ನೊಂದು ಕೆಲಸವಿದೆ, ಅದು ಸದ್ದಿಲ್ಲದ್ದು. ನೈಟ್ರೋಸೆಲ್ಯುಲೋಸ್ ಮಾಡಿದ ದಿನದಿಂದಲೇ ನಿಧಾನವಾಗಿ ಒಡೆಯುತ್ತಿರುತ್ತದೆ. ಹಾಗೆ ಒಡೆದಾಗ ಹೊರಬರುವ ನೈಟ್ರೋಜನ್ ಆಕ್ಸೈಡುಗಳು ಉಳಿದದ್ದನ್ನೂ ಬೇಗ ಒಡೆಯುತ್ತವೆ. ಅದನ್ನು ಹಿಡಿದಿಡಲು ಮದ್ದಿಗೆ ಡೈಫೀನೈಲ್‌ಅಮೀನ್‌ನಂಥ ಸ್ಥಿರಕಾರಕ ಬೆರೆಸಿರುತ್ತಾರೆ. ಅದು ಖರ್ಚಾಗುವವರೆಗೆ ಎಲ್ಲ ಸರಿ. ಪ್ರತಿ 10 ಡಿಗ್ರಿ ಬಿಸಿಗೆ ಈ ಒಡೆಯುವಿಕೆ ಎರಡರಿಂದ ಮೂರು ಪಟ್ಟು ಬೇಗವಾಗುತ್ತದೆ. ತಂಪಾದ ಕೋಣೆಯಲ್ಲಿ ಹಲವು ದಶಕ ಬಾಳುವ ತೋಟಾ, ಬೇಸಿಗೆಯಲ್ಲಿ 50-60 ಡಿಗ್ರಿಗೆ ಕಾಯುವ ತಗಡಿನ ಸೂರಿನ ಕೆಳಗೆ ಅಷ್ಟು ಬಾಳುವುದಿಲ್ಲ. ಹಾಳಾದ ಮದ್ದು ಬರೀ ಮೆತ್ತಗಾಗುತ್ತದೆ ಎಂದುಕೊಳ್ಳಬೇಡಿ. ಕಾಳು ಶಿಥಿಲವಾಗಿ ಒಡೆದರೆ ಉರಿಯುವ ಮೇಲ್ಮೈ ಹೆಚ್ಚಿ, ಒತ್ತಡ ಒಮ್ಮೆಲೇ ಏರಲೂಬಹುದು. ಇನ್ನೊಮ್ಮೆ ಅರ್ಧ ಉರಿದು ಚರೆ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಹಿಂದೆಯೇ ಇನ್ನೊಂದನ್ನು ಹಾರಿಸಿದರೆ ನಳಿಗೆ ಒಡೆಯುತ್ತದೆ.

'ನಿಮ್ಮ ಕಾಡತೂಸ್ ಎಲ್ಲಿಟ್ಟೀರಿ ಕಾಕಾ?' ಎಂದು ಕೇಳಿದೆ.

ಹೊಲದ ಮನೆಯ ತಗಡಿನ ಸೂರಿನ ಕೆಳಗೆ, ಬೀಗ ಹಾಕಿದ ಟ್ರಂಕಿನಲ್ಲಿ. ಎಷ್ಟು ವರ್ಷದಿಂದ ಎಂದರೆ ಬೆರಳು ಎಣಿಸಿ 'ಹದಿನೈದ್ ಆಗಿರ್ಬೇಕ್' ಎಂದರು. ಬೀಗದ ವಿಷಯದಲ್ಲಿ ಅವರು ಬಲು ಶಿಸ್ತು. ಶಾಖದ ಯೋಚನೆ ಮಾತ್ರ ಯಾವತ್ತೂ ಬಂದಿರಲಿಲ್ಲ. ತೆಗೆದು ನೋಡಿದೆವು. ಕೆಲವದರ ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಡಬ್ಬಿಯ ಮುಚ್ಚಳ ತೆರೆದಾಗ ಮೂಗಿಗೆ ಚುಚ್ಚುವ ಹುಳಿ ವಾಸನೆ. ಕಿಲುಬಿಗೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಆ ಹುಳಿ ವಾಸನೆ ಮದ್ದು ಒಡೆಯುತ್ತಿರುವುದರ ಗುರುತು. ಹಾಗಿದ್ದರೆ ಹಾರಿಸಿ ನೋಡುವುದೂ ತಪ್ಪು, ಬಿಚ್ಚಿ ಮದ್ದು ಸುರಿಯುವುದೂ ತಪ್ಪು, ಬಾವಿಗೆ ಎಸೆಯುವುದೂ ತಪ್ಪು. ಠಾಣೆಯಲ್ಲೋ ಪರವಾನಗಿ ಇರುವ ಮಾರಾಟಗಾರರಲ್ಲೋ ವಿಚಾರಿಸಿ ಒಪ್ಪಿಸಬೇಕು.

ಮರುದಿನ ಕಾಕಾ ಬಂದೂಕಿನ ಜೊತೆ ಆ ಡಬ್ಬಿಯನ್ನೂ ಒಯ್ದರು. ಚುನಾವಣೆ ಮುಗಿದು ಬಂದೂಕು ವಾಪಸು ಬಂತು, ಡಬ್ಬಿ ಬರಲಿಲ್ಲ. ಟ್ರಂಕು ಈಗ ಊರ ಮನೆಯ ಒಳಕೋಣೆಯಲ್ಲಿದೆ. ಮೂರು ಅಡಿ ದಪ್ಪದ ಕಲ್ಲುಗೋಡೆಯ ಆ ಕೋಣೆಯಲ್ಲಿ ಮೊದಲು ಜೋಳದ ಚೀಲ ಇಡುತ್ತಿದ್ದರು. ಆ ವರ್ಷದ ದೀಪಾವಳಿಗೆ ಪಟಾಕಿಯ ಚೀಲವೂ ಬಿಸಿಲಿಗೆ ಹೋಗದೆ ಮನೆಯೊಳಗೇ ಉಳಿಯಿತು, ಟ್ರಂಕಿನಿಂದ ದೂರ, ಬೇರೆ ಕೋಣೆಯಲ್ಲಿ. ನಾಲ್ಕೈದು ಫುಸ್ ಅಂದವು. ಅದಕ್ಕೆ ಕಾಕಾ ಇವತ್ತಿಗೂ ನನ್ನನ್ನೇ ಬೈಯುತ್ತಾರೆ.